ತುಕ್ಕು ಬ್ಯಾಂಡಿನ ಕೊನೆಯ ಮೂರು ಕ್ಯಾಸೆಟ್ಟು

ಪಟ್ಟಿ ಹೇಳುವ ಸರದಿ ನಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ತುಕ್ಕು ಬ್ಯಾಂಡಿನ ಎಂಟು ಕ್ಯಾಸೆಟ್ಟುಗಳಲ್ಲಿ ಉಳಿದಿದ್ದವು ಮೂರೇ. ಒಂದು ‘ಗಂಧಕ’. ಅದು ಎಲ್ಲಕ್ಕಿಂತ ಮೇಲು ಅನ್ನುವುದರಲ್ಲಿ ನಮ್ಮೂರಿನಲ್ಲಿ ಎರಡು ಮಾತಿರಲಿಲ್ಲ. ಇನ್ನೆರಡು ‘ಸುಣ್ಣದ ಗೋಡೆ’ ಮತ್ತು ‘ಖಾಲಿ ಸಿಲಿಂಡರ್’. ಇವುಗಳ ಬಗ್ಗೆಯೂ ಎರಡು ಮಾತಿರಲಿಲ್ಲ, ಎರಡೂ ಕಳಪೆ ಅಂತಲೇ ಎಲ್ಲರೂ ಹೇಳುತ್ತಿದ್ದರು. ಒಂದು ಕಾಲದಲ್ಲಿ ನಾನೂ ಹೇಳುತ್ತಿದ್ದೆ, ಅದೂ ಎಲ್ಲರಿಗಿಂತ ಜೋರಾಗಿ.

ತುಕ್ಕು ನಮ್ಮದೇ ಊರಿನ ಬ್ಯಾಂಡು. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ನಾಲ್ಕು ಹುಡುಗರು, ಸಂಬಳದಲ್ಲಿ ಉಳಿಸಿ ಎರಡು ಗಿಟಾರು, ಒಂದು ಹಳೇ ಡ್ರಮ್ ಸೆಟ್ಟು ತಂದುಕೊಂಡು ನಮ್ಮ ಲೈನ್ ಮನೆಗಳ ಹಿಂದಿನ ಗೋಡೌನಿನಲ್ಲಿ ಬಾರಿಸುತ್ತಿದ್ದರು. ಅವರ ಹಾಡು ಸಿನಿಮಾ ಹಾಡಿನಂತಿರಲಿಲ್ಲ, ಭಾವಗೀತೆಯಂತೆಯೂ ಇರಲಿಲ್ಲ. ಗಿಟಾರಿನ ಸದ್ದು ಒದ್ದೆ ಕಡ್ಡಿ ಗೀರಿದ ಹಾಗೆ, ಹತ್ತಿತೋ ಇಲ್ಲವೋ ಅನ್ನುವಂತೆ ಇರುತ್ತಿತ್ತು. ಹಾಡುತ್ತಿದ್ದವನು ದಾವೂದ್. ನಲ್ಲಿ ನೀರು ನಿಂತದ್ದು, ಪಾಳಿ ಬದಲಾದದ್ದು, ಮದುವೆಯಾದ ಹುಡುಗಿ ತವರಿಗೆ ಬಂದು ಬಾಗಿಲಲ್ಲೇ ನಿಂತದ್ದು, ಇಂಥವನ್ನೇ ಹಾಡುತ್ತಿದ್ದ. ಮೊದಲು ಬೈದವರೇ ಆಮೇಲೆ ಕ್ಯಾಸೆಟ್ಟು ಕೊಂಡರು. ಎಂಟನೆಯದು ಬಂದ ಮೇಲೆ ನಾಲ್ವರೂ ಒಂದು ವ್ಯಾನು ಹತ್ತಿ ಹೋದರು. ಮತ್ತೆ ಬರಲಿಲ್ಲ.

ಪಟ್ಟಿ ಶುರುವಾದದ್ದು ಅವರು ಹೋದ ಮರುವರ್ಷ. ಆಷಾಢದ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರದಿಯ ಮನೆಯವರು ಕಾರ್ಖಾನೆ ಕ್ಯಾಂಟೀನಿನ ಬೆಂಚು ಹತ್ತಿ, ಒಳ್ಳೆಯದರಿಂದ ಹಿಡಿದು ಕೆಟ್ಟದರ ತನಕ ಕ್ಯಾಸೆಟ್ಟುಗಳ ಹೆಸರು ಹೇಳಬೇಕು. ಒಂದೊಂದಕ್ಕೂ ಕಾರಣ ಹೇಳಬೇಕು. ಕೊನೆಯದರ ಕಾರಣ ಬಾಯಿಂದ ಹೊರಬಿದ್ದ ಕೂಡಲೇ ಆ ಕ್ಯಾಸೆಟ್ಟು ಹೋಯಿತು ಅಂತಲೇ ಅರ್ಥ. ಯಾರ ಮನೆಯಲ್ಲಿ ಹಾಕಿದರೂ ಬರೀ ಸುಯ್ ಅನ್ನುವ ಸದ್ದು. ಪಕ್ಕದೂರಿನ ನೆಂಟರ ಮನೆಗೆ ಒಯ್ದು ಹಾಕಿ ನೋಡಿದವರೂ ಇದ್ದಾರೆ, ಅಲ್ಲಿಯೂ ಅದೇ ಸುಯ್. ಪದಗಳು ನೆನಪಿರುತ್ತವೆ, ಧಾಟಿ ಮಾತ್ರ ಬಾಯಿಗೆ ಬರುವುದಿಲ್ಲ. ರೇಷನ್ ಕಾರ್ಡು ಓದಿದ ಹಾಗೆ ಓದಿಕೊಳ್ಳಬೇಕು, ಅಷ್ಟೇ.

ಮೊದಲ ವರ್ಷ ನಮಗೆ ಅದು ಸಂಭ್ರಮವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸೊಪ್ಪು ಮಾರುವವಳಿಂದ ಹಿಡಿದು ಟೈಂಕೀಪರ್ ತನಕ ಎಲ್ಲರೂ ಪಂಡಿತರಾಗಿಬಿಟ್ಟರು. ಡ್ರಮ್ಮು ಮಂಕಾಗಿದೆ, ಬೇಸ್ ಗಿಟಾರು ಕೇಳಿಸುವುದಿಲ್ಲ, ದಾವೂದನಿಗೆ ಆ ವರ್ಷ ನೆಗಡಿ ಇತ್ತು, ಬಿ ಸೈಡು ಬರೀ ಜಾಗ ತುಂಬಿಸಲು ಮಾಡಿದ್ದು, ಹೀಗೆ. ಎಂಟನೆಯದಾದ ‘ಕೊನೇ ಸ್ಟಾಪು’ ಪಟ್ಟಿಯ ತಳಕ್ಕೆ ಹೋಯಿತು. ಅದರಲ್ಲಿ ಕೀಬೋರ್ಡು ಹಾಕಿದ್ದರು, ಯಾರಿಗೂ ಹಿಡಿಸಿರಲಿಲ್ಲ. ಹೋದದ್ದೇ ಒಳ್ಳೆಯದಾಯಿತು ಅಂದುಕೊಂಡೆವು. ಒಂದು ವಾರ ಬಿಟ್ಟು ಬಟ್ಟೆ ಒಗೆಯುವಾಗ ಅದರಲ್ಲಿನ ಒಂದು ಹಾಡು ಗುನುಗಲು ಹೋದೆ. ಬಾಯಿ ತೆರೆಯಿತು, ಧಾಟಿ ಬರಲಿಲ್ಲ. ಅದು ನನಗೆ ಇಷ್ಟವಾದ ಹಾಡು ಅಂತ ಗೊತ್ತಾದದ್ದೇ ಆಗ.

ಆದ್ದರಿಂದ ಎರಡನೆಯ ವರ್ಷ ನಾನೇ ಎದ್ದು ನಿಂತೆ. ಈ ಸಲ ಯಾರೂ ಪಟ್ಟಿ ಹೇಳಬಾರದು, ಹೇಳದಿದ್ದರೆ ಯಾವುದೂ ಹೋಗುವುದಿಲ್ಲ ಅಂತ ಲೈನಿನ ಮನೆಮನೆಗೂ ಹೋಗಿ ಹೇಳಿದೆ. ಆ ವರ್ಷದ ಸರದಿ ಕ್ಯಾಂಟೀನಿನ ಭದ್ರಪ್ಪನವರದು. ಅವರೂ ಒಪ್ಪಿದರು. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತೆವು. ಹತ್ತು ಕಳೆದು ಐದು ನಿಮಿಷಕ್ಕೆ ಊರಿನ ಸದ್ದೆಲ್ಲ ನಿಂತಿತು. ಹಾಡಿನದಷ್ಟೇ ಅಲ್ಲ, ಎಲ್ಲದರ ಸದ್ದೂ. ಕುಕ್ಕರಿನಿಂದ ಹಬೆ ಬರುತ್ತಿತ್ತು, ಸೀಟಿ ಇಲ್ಲ. ತಟ್ಟೆ ಬಿದ್ದರೆ ಸದ್ದಿಲ್ಲ. ಜನ ಬಾಯಿ ಆಡಿಸುತ್ತಿದ್ದರು. ಹಟಕ್ಕೆ ಬಿದ್ದು ಹಾಗೇ ಹನ್ನೊಂದು ದಿನ ತಳ್ಳಿದೆವು. ಸನ್ನೆ ಮಾಡಿಕೊಂಡು ನಕ್ಕದ್ದೂ ಉಂಟು.

ಹನ್ನೊಂದನೆಯ ದಿನ ಮಧ್ಯಾಹ್ನ ನನ್ನ ಮಗ ದಿನೇಶ ಕಾರ್ಖಾನೆಯ ಅಂಗಳದ ನೀರಿನ ತೊಟ್ಟಿಗೆ ಬಿದ್ದ. ಬೆಂಕಿ ಹತ್ತಿದರೆ ಬೇಕು ಅಂತ ಕಟ್ಟಿಸಿದ್ದ ದೊಡ್ಡ ತೊಟ್ಟಿ ಅದು. ಅವನಿಗೆ ಒಂಬತ್ತು ವರ್ಷ. ನಾನು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಜಗಲಿಯ ಮೇಲೆ ಕೂತು ಪೊಟ್ಟಣಕ್ಕೆ ಕಡ್ಡಿ ತುಂಬುತ್ತಿದ್ದೆ, ತೊಟ್ಟಿಗೆ ಬೆನ್ನು ಹಾಕಿಕೊಂಡು. ಅವನು ಅಮ್ಮಾ ಅಂತ ಎಷ್ಟು ಸಲ ಕೂಗಿದನೋ ನನಗೆ ಗೊತ್ತಿಲ್ಲ. ಅವನನ್ನು ಮೇಲೆತ್ತಿ ಅಂಗಳದಲ್ಲಿ ಮಲಗಿಸಿದ ಮೇಲೆ ಭದ್ರಪ್ಪನವರು ಕ್ಯಾಂಟೀನಿಗೆ ಓಡಿ, ಬೆಂಚು ಹತ್ತಿ, ಸದ್ದಿಲ್ಲದ ಬಾಯಲ್ಲೇ ಪಟ್ಟಿ ಹೇಳಿದರಂತೆ. ಕೊನೆಯ ಹೆಸರು ‘ಬಾಡಿಗೆಗೆ ಇದೆ’. ಅದು ಮುಗಿದ ಕೂಡಲೇ ಊರಿಗೆ ಸದ್ದು ವಾಪಸು ಬಂತು. ನಾನು ಅಷ್ಟು ಹೊತ್ತೂ ಚೀರುತ್ತಲೇ ಇದ್ದೆ. ಊರಿನವರಿಗೆ ನನ್ನ ಅಳು ನಡುವಿನಿಂದ ಕೇಳಿಸಿತು.

ಅಲ್ಲಿಂದ ಮುಂದೆ ಪಟ್ಟಿ ತಪ್ಪಿಲ್ಲ. ನನ್ನ ಗಂಡ ಆ ವರ್ಷವೇ ಊರು ಬಿಟ್ಟ. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

‘ಸುಣ್ಣದ ಗೋಡೆ’ಯ ಎ ಸೈಡಿನ ನಾಲ್ಕನೆಯ ಹಾಡಿನ ಕೊನೆಗೆ ದಿನೇಶ ನಗುತ್ತಾನೆ. ಅವನಿಗಾಗ ಐದು ವರ್ಷ. ಗೋಡೌನಿನಲ್ಲಿ ರೆಕಾರ್ಡಿಂಗ್ ನಡೆಯುವಾಗ ಡ್ರಮ್ಮಿನವನ ಕೈಯಿಂದ ಕೋಲು ಜಾರಿ ಸುಣ್ಣದ ಬಕೀಟಿಗೆ ಬಿತ್ತು. ಇವನು ಮೂಲೆಯಲ್ಲಿ ಕೂತಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ‘ಏಯ್, ಇವನನ್ನ ಆಚೆ ಕಳಿಸ್ರೋ’ ಅಂತ ದಾವೂದ್ ಹೇಳುವುದೂ ಅದರಲ್ಲಿದೆ. ಒಟ್ಟು ಏಳು ಸೆಕೆಂಡು. ಅಳಿಸುವುದು ಬೇಡ, ಚೆನ್ನಾಗಿದೆ ಅಂತ ಹಾಗೇ ಬಿಟ್ಟರು. ಆ ಕ್ಯಾಸೆಟ್ಟಿನಲ್ಲಿ ಚೆನ್ನಾಗಿರುವುದು ಅದೊಂದೇ. ಮೂರು ಹಾಡಿಗೆ ಒಂದೇ ಧಾಟಿ, ತಾಳ ಎಳೆದೆಳೆದು ಹೋಗುತ್ತದೆ, ಬಿ ಸೈಡಿನ ಕೊನೆಗೆ ಗಿಟಾರಿನ ಒಂದು ತಂತಿ ಹರಿದದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ನನಗೆ ಕಿವಿ ಇದೆ, ಅದೇ ನನ್ನ ಕರ್ಮ.

‘ಖಾಲಿ ಸಿಲಿಂಡರ್’ ನಮ್ಮ ಪಕ್ಕದ ಮನೆ ಸಾಕಕ್ಕನದು. ಅಂದರೆ ಅದರಲ್ಲಿ ಅವಳ ಒಬ್ಬಳೇ ಮಗಳು ನಾಗು ಮೂರು ಹಾಡಿಗೆ ಕೋರಸ್ ಹಾಡಿದ್ದಳು. ನಾಗು ಮದುವೆಯಾಗಿ ಹೋದ ವರ್ಷದೊಳಗೆ ಕಾಮಾಲೆಯಿಂದ ತೀರಿಕೊಂಡಳು. ಸಾಕಕ್ಕ ವಿಧವೆ, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಅವಳು ಹಾಕಿದ್ದು ನನಗೆ ಕೇಳಿಸುತ್ತಿತ್ತು, ನಾನು ಹಾಕಿದ್ದು ಅವಳಿಗೆ.

ಊರಿನವರು ಕಲ್ಲೆದೆಯವರಲ್ಲ. ನಮ್ಮಿಬ್ಬರ ಮುಖ ನೋಡಿಕೊಂಡು ಆ ಎರಡು ಕ್ಯಾಸೆಟ್ಟಿಗೆ ವರ್ಷದಿಂದ ವರ್ಷಕ್ಕೆ ಜೀವದಾನ ಕೊಟ್ಟರು. ಅದಕ್ಕಾಗಿ ‘ಹಸಿ ಸೌದೆ’ ಹೋಯಿತು, ‘ಊರಿಗೆ ದೂರ’ ಹೋಯಿತು. ನನ್ನ ಸರದಿಯ ಹಿಂದಿನ ವರ್ಷ ಗಾರೆ ಮೇಸ್ತ್ರಿ ಕಣ್ಣೀರು ಹಾಕಿಕೊಂಡೇ ‘ಎರಡನೇ ಪಾಳಿ’ಯನ್ನು ಕೊನೆಗಿಟ್ಟ. ಗಂಧಕದ ನಂತರ ನಮ್ಮ ಪಾಲಿಗೆ ಅದೇ ಮೇಲು. ಆಮೇಲೆ ಮೂರು ತಿಂಗಳು ಅವನ ಕೈಯಲ್ಲಿ ಯಾರೂ ಕೆಲಸ ಮಾಡಿಸಲಿಲ್ಲ. ಅಲ್ಲಿಗೆ ಊರಿನ ಕನಿಕರ ಮುಗಿಯಿತು.

ಈಗ ನನ್ನ ಸರದಿ. ಮರುವರ್ಷದ್ದು ಸಾಲಿನಲ್ಲಿ ಮುಂದಿನ ಮನೆಗೆ, ಅಂದರೆ ಸಾಕಕ್ಕನಿಗೆ.

ಪಟ್ಟಿಗೆ ಹತ್ತು ದಿನ ಇರುವಾಗ ಭದ್ರಪ್ಪನವರು ಮನೆಗೆ ಬಂದರು. ದಿನೇಶ ಹೋದಂದಿನಿಂದ ಅವರು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದವರಲ್ಲ. ಆ ದಿನವೂ ಗೋಡೆಯ ಕ್ಯಾಲೆಂಡರಿಗೆ ಹೇಳುವಂತೆ ಹೇಳಿದರು.

“ವಿಮಲಮ್ಮ, ಗಂಧಕದ ವಿಚಾರಕ್ಕೆ ಮಾತ್ರ ಹೋಗ್ಬೇಡಿ. ಬೆಳಿಗ್ಗೆ ಪಾಳಿ ಶುರುವಾಗೋದು ಅದರ ಮೊದಲನೇ ಹಾಡಿಗೆ. ಮಕ್ಕಳು ಮಲಗೋದು ಅದಕ್ಕೆ. ಹೋದೋರನ್ನ ಎತ್ತೋವಾಗ್ಲೂ ಅದೇ ಹಾಡ್ತೀವಿ. ನಿಮ್ ಹುಡುಗನಿಗೂ ಅದೇ ಹಾಡಿದ್ವಿ.”

“ಗೊತ್ತು ಭದ್ರಪ್ಪನೋರೆ.”

“ಉಳಿದಿದ್ದು ಎರಡು. ಯಾವುದು ಹೋಗ್ಬೇಕು ಅಂತ ನಾನು ಹೇಳಲ್ಲ. ಹೇಳೋ ಮುಖ ನನಗಿಲ್ಲ. ಆದ್ರೆ ಎರಡರಲ್ಲೊಂದು ಹೋಗ್ಲಿ. ಊರು ಇನ್ನು ತಡ್ಕೊಳಲ್ಲ.”

ಕಾಫಿ ಕೊಟ್ಟೆ. ಕುಡಿಯದೆ ಎದ್ದು ಹೋದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಮಗನಲ್ಲದಿದ್ದರೆ, ಅವಳ ಮಗಳಲ್ಲದಿದ್ದರೆ, ನಾನೂ ಅದನ್ನೇ ಹೇಳುತ್ತಿದ್ದೆ.

ಸಾಕಕ್ಕ ಬಂದದ್ದು ಶನಿವಾರ, ಪಟ್ಟಿಯ ಹಿಂದಿನ ದಿನ ಮಧ್ಯಾಹ್ನ. ಹತ್ತು ದಿನವೂ ಅವಳು ಬರಲಿ ಅಂತ ಕಾಯುತ್ತಿದ್ದೆ, ಬರದಿರಲಿ ಅಂತಲೂ ಬೇಡಿಕೊಳ್ಳುತ್ತಿದ್ದೆ. ಅವಳು ನನ್ನ ಎದುರಿಗೆ ನೆಲದ ಮೇಲೆ ಕೂತು, ಕೇಳದೆಯೇ ನನ್ನ ಕಡ್ಡಿಯ ಮೊರ ಎಳೆದುಕೊಂಡು ಪೊಟ್ಟಣ ತುಂಬಲು ಶುರು ಮಾಡಿದಳು. ಅವಳ ಕೈ ಓಡುವ ಹಾಗೆ ಲೈನಿನಲ್ಲಿ ಯಾರ ಕೈಯೂ ಓಡುವುದಿಲ್ಲ.

“ವಿಮಲಾ, ಗಂಧಕ ಕೊನೆಗಿಡು” ಅಂದಳು. “ಊರು ಬೈತದೆ, ಬೈಲಿ ಬಿಡು. ಇಬ್ರೂ ಸೇರಿ ಬೈಸ್ಕೊಳಾಣ. ಅದರಲ್ಲಿ ಯಾರಿದಾರೆ ಹೇಳು? ಬರೀ ಹಾಡು. ಇವೆರಡರಲ್ಲಿ ನಮ್ ಮಕ್ಕಳಿದಾವೆ.”

“ಅಕ್ಕ, ಮುಂದಿನ ವರ್ಷ ನಿನ್ನ ಸರದಿ. ಗಂಧಕ ಹೋದ್ರೆ ಉಳಿಯೋದು ನಿಂದು, ನಂದು. ಆಗ ಏನ್ ಮಾಡ್ತೀಯ?”

ಅವಳ ಕೈ ನಿಂತಿತು. ಸುಳ್ಳು ಹೇಳಬಹುದಿತ್ತು. ನಿನ್ನ ಮಗನೇ ನನ್ನ ಮಗ ಕಣೆ ಅನ್ನಬಹುದಿತ್ತು, ಅಂಥ ಮಾತಿಗೆ ಖರ್ಚೇನು. ಅವಳು ಹೇಳಲಿಲ್ಲ. ಪೊಟ್ಟಣ ಮುಚ್ಚಿ, ಇನ್ನೊಂದು ತೆಗೆದು, ಅದನ್ನೂ ತುಂಬಿ, ಆಮೇಲೆ ಹೇಳಿದಳು.

“ಗೊತ್ತಿಲ್ಲ ಕಣೆ. ಒಂದು ವರ್ಷ ಇರ್ತದಲ್ಲ. ಒಂದು ವರ್ಷ ಸಿಕ್ಕಂಗಾಯ್ತು, ಇಬ್ರಿಗೂ. ಆಮೇಲಿಂದು ಆಮೇಲೆ.”

ನಾನು ಒಳಗೊಳಗೇ ತೂಗುತ್ತಿದ್ದೆ. ಗಂಧಕ ಕಳೆದರೆ ಮುಂದಿನ ವರ್ಷ ಇವಳು ದಿನೇಶನನ್ನು ಕಳೆಯುತ್ತಾಳೆ, ಖಂಡಿತ. ಇವಳದನ್ನು ಕಳೆದರೆ ಮುಂದಿನ ವರ್ಷ ಗಂಧಕ ಒಂದು ಕಡೆ, ದಿನೇಶ ಒಂದು ಕಡೆ ಇರುತ್ತಾರೆ. ಊರೆಲ್ಲ ಇವಳ ಬೆನ್ನಿಗೆ ಬೀಳುತ್ತದೆ, ಆಗಲೂ ಕಳೆಯುತ್ತಾಳೆ. ಹೇಗೆ ತಿರುಗಿಸಿ ನೋಡಿದರೂ ನನಗಿರುವುದು ಒಂದೇ ವರ್ಷ. ಹಾಗಿರುವಾಗ ಊರಿನವರ ಕೈಯಲ್ಲಿ ಯಾಕೆ ಬೈಸಿಕೊಳ್ಳಲಿ? ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ತೋಚಿದ್ದು ಇಷ್ಟೇ. ಒಂದು ಸಲ ನಾನು ಊರಿಗೆ ಎದುರು ನಿಂತು ಆದದ್ದು ಸಾಕಾಗಿತ್ತು. ನನಗೆ ಹೆದರಿಕೆ. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

“ಆಗ್ಲಿ ಹೋಗಕ್ಕ” ಅಂದೆ.

“ಗಂಧಕ ತಾನೆ?”

“ಆಗ್ಲಿ ಅಂದ್ನಲ್ಲ.”

ಅವಳು ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಮೊರದಲ್ಲಿ ಉಳಿದ ಕಡ್ಡಿಯನ್ನೆಲ್ಲ ತುಂಬಿ ಮುಗಿಸಿಯೇ ಎದ್ದಳು. ಬೇಡ ಅಕ್ಕ ಅಂದರೂ ಕೇಳಲಿಲ್ಲ.

ಭಾನುವಾರ ಕ್ಯಾಂಟೀನು ಕಿಕ್ಕಿರಿದಿತ್ತು. ಬೆಂಚು ಹತ್ತಿದೆ. ಸಾಕಕ್ಕ ಮುಂದಿನ ಸಾಲಿನಲ್ಲಿ, ಒಗೆದ ಹಸಿರು ಸೀರೆ ಉಟ್ಟು, ಎಲೆ ಅಡಿಕೆ ಜಗಿಯುತ್ತ, ಮದುವೆಗೆ ಬಂದವಳ ಹಾಗೆ ನಿರಾಳವಾಗಿ ಕೂತಿದ್ದಳು. ಅವಳನ್ನು ನೋಡಬಾರದು ಅಂತ ಹಿಂದಿನ ಗೋಡೆಯ ಗಡಿಯಾರ ನೋಡಿದೆ.

“ಮೊದಲನೇದು ಗಂಧಕ” ಅಂದೆ.

ಚಪ್ಪಾಳೆ ಬಿತ್ತು. ಅದರ ನಡುವೆಯೇ ಕಾರಣ ಹೇಳಿದೆ. ಅದರಲ್ಲಿ ಒಂದು ಹಾಡೂ ಸುಮ್ಮನೆ ಇಟ್ಟದ್ದಲ್ಲ ಅಂದೆ, ನಾಲ್ಕನೆಯ ಹಾಡಿನಲ್ಲಿ ಡ್ರಮ್ಮು ಒಂದು ಗಳಿಗೆ ತಡವಾಗಿ ಬರುತ್ತದೆ, ಆ ತಡದಲ್ಲೇ ನಮ್ಮ ಎದೆ ನಿಲ್ಲುತ್ತದೆ ಅಂದೆ. ಅದೆಲ್ಲ ನಿಜ. ಚಪ್ಪಾಳೆ ನಿಂತ ಮೇಲೆ ಎಲ್ಲರೂ ಸಾಕಕ್ಕನ ಕಡೆ ನೋಡಿದರು, ನಾನೂ ನೋಡಿದೆ. ಅವಳ ಬಾಯಿ ಜಗಿಯುವುದನ್ನು ನಿಲ್ಲಿಸಿತ್ತು.

“ಎರಡನೇದು ಸುಣ್ಣದ ಗೋಡೆ. ಅದರ ಬೇಸ್ ಚೆನ್ನಾಗಿದೆ” ಅಂದೆ. ಬೇಸ್ ನುಡಿಸಿದವನೇ ಕೇಳಿದ್ದರೆ ನಗುತ್ತಿದ್ದ.

“ಮೂರನೇದು ಖಾಲಿ ಸಿಲಿಂಡರ್.”

ಕಾರಣ ಹೇಳಲೇಬೇಕು. ಕಾರಣವಿಲ್ಲದೆ ಬೆಂಚಿನಿಂದ ಇಳಿದರೆ ಪಟ್ಟಿ ಪಟ್ಟಿಯೇ ಅಲ್ಲ. ಹೇಳದ ಪಟ್ಟಿಗೆ ಏನಾಗುತ್ತದೆ ಅಂತ ಆ ಕ್ಯಾಂಟೀನಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ರಾತ್ರಿಯೆಲ್ಲ ಒಂದು ಕಾರಣ ಹೊಂದಿಸಿಕೊಂಡಿದ್ದೆ, ಗಿಟಾರಿನ ಬಗ್ಗೆ ಏನೋ. ಅವಳ ಮುಖ ನೋಡಿದ್ದೇ ಅದು ಮರೆತುಹೋಯಿತು. ಜನ ಕಾಯುತ್ತಿದ್ದರು. ಹಿಂದಿನಿಂದ ಯಾರೋ “ಕಾರಣ, ಕಾರಣ” ಅಂದರು. ಆಗ ನನ್ನ ಬಾಯಿಂದ ಬಂದದ್ದು ಇದು:

“ಕೋರಸ್ ಸರಿಯಿಲ್ಲ. ಆ ಹುಡುಗಿಗೆ ಹಾಡೋಕೆ ಬರಲ್ಲ.”

ಆ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಹಾಡಿದವಳು ನಾಗು ಒಬ್ಬಳೇ. ದಾವೂದನೇ ಎಷ್ಟೋ ಕಡೆ ಜಾರಿದ್ದಾನೆ. ಅದು ನನಗೂ ಗೊತ್ತು, ಊರಿಗೂ ಗೊತ್ತು. ಪಟ್ಟಿ ಮುಗಿದಿತ್ತು. ಸಾಕಕ್ಕ ಎದ್ದು, ಸೆರಗು ಸರಿ ಮಾಡಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ನಾನು ಮನೆಗೆ ಬಂದಾಗ ಗೋಡೆಯ ಆಚೆಯಿಂದ ಸುಯ್ ಅನ್ನುವ ಸದ್ದು ಬರುತ್ತಿತ್ತು. ಒಂದು ಸೈಡು ಮುಗಿಯಿತು. ತಿರುಗಿಸಿ ಹಾಕಿದಳು. ಮತ್ತೆ ಸುಯ್.

ಮಾರನೆಯ ದಿನ ಮೂರು ಗಂಟೆಗೆ ಅವಳು ನನ್ನ ಬಾಗಿಲಲ್ಲಿ ನಿಂತಿದ್ದಳು. ಹೊಡೆಯಲು ಬಂದಳು ಅಂದುಕೊಂಡೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಒಳಗೆ ಬಂದು ಕೂತು, “ಹಾಕು” ಅಂದಳು.

“ಏನನ್ನಕ್ಕ?”

“ನಿನ್ ಮಗಂದು. ಹಾಕು.”

ಹಾಕಿದೆ. ನಾಲ್ಕೂ ಹಾಡು ಕೇಳಿದಳು. ಕೋಲು ಬಕೀಟಿಗೆ ಬಿತ್ತು, ದಿನೇಶ ನಕ್ಕ, ದಾವೂದ್ ಬೈದ. ಅವಳು ಎದ್ದು ಹೋದಳು. ಮರುದಿನ ಮೂರು ಗಂಟೆಗೆ ಮತ್ತೆ ಬಂದಳು. ಅದರ ಮರುದಿನವೂ ಬಂದಳು.

ಮೊದಮೊದಲು ಅವಳು ಬರುವ ಹೊತ್ತಾದರೆ ಬಾಗಿಲು ಹಾಕಿಕೊಂಡುಬಿಡೋಣ ಅನ್ನಿಸುತ್ತಿತ್ತು. ಅವಳ ಎದುರಿಗೆ ಆ ನಗು ಕೇಳುವುದು ಅಂದರೆ ಹಸಿದವರ ಮುಂದೆ ಕೂತು ಉಂಡ ಹಾಗೆ. ಒಂದು ದಿನ ಕಾಲಿಗೆ ಬಿದ್ದು ತಪ್ಪಾಯಿತು ಅಂದೆ. “ಟೇಪು ತಿರುಗಿಸು, ಆ ಕಡೇದೂ ಕೇಳಾಣ” ಅಂದಳು, ಅಷ್ಟೇ. ಅಂದಿನಿಂದ ಎರಡೂ ಸೈಡು ಕೇಳತೊಡಗಿದೆವು. ಕೇಳುತ್ತ ಕೇಳುತ್ತ ಇಬ್ಬರೂ ಕಡ್ಡಿ ತುಂಬುವುದು ರೂಢಿಯಾಯಿತು. ದೀಪಾವಳಿಯ ಹೊತ್ತಿಗೆ ಅವಳು ಬರುವುದು ಐದು ನಿಮಿಷ ತಡವಾದರೆ ನಾನೇ ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಅವಳು ನಾಗುವಿನ ಮಾತು ತೆಗೆಯುತ್ತಿದ್ದಳು. ಚಿಕ್ಕವಳಿದ್ದಾಗ ಬಸವನಹುಳುವನ್ನು ಡಬ್ಬಿಯಲ್ಲಿಟ್ಟು ಸಾಕಿದ್ದಳಂತೆ. ಹಾಡು ಹೇಳು ಅಂದರೆ ಬಾಗಿಲ ಹಿಂದೆ ನಿಂತೇ ಹಾಡುತ್ತಿದ್ದಳಂತೆ, ಮುಖ ತೋರಿಸಿಕೊಂಡು ಹಾಡಿದ್ದು ಬ್ಯಾಂಡಿನವರ ಮುಂದೆ ಮಾತ್ರ. ನಾನು ದಿನೇಶನ ಮಾತು ತೆಗೆಯುತ್ತಿದ್ದೆ. ನಾಲ್ಕು ವರ್ಷದಲ್ಲಿ ಅವನ ಹೆಸರು ಹಿಡಿದು ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ.

ಆಶ್ಚರ್ಯ ಅಂದರೆ, ದಿನಾ ಕೇಳಿ ಕೇಳಿ ಆ ಕಳಪೆ ಕ್ಯಾಸೆಟ್ಟು ನಮಗೆ ಚೆನ್ನಾಗಿ ಕಾಣತೊಡಗಿತು. ತಂತಿ ಹರಿದ ಮೇಲೂ ಆ ಹುಡುಗ ನಿಲ್ಲಿಸದೆ ಉಳಿದ ತಂತಿಯಲ್ಲೇ ಹಾಡು ದಾಟಿಸುತ್ತಾನೆ, ಅದನ್ನು ತೋರಿಸಿಕೊಟ್ಟದ್ದು ಸಾಕಕ್ಕ. “ಕೇಳು, ಕೇಳು, ಇಲ್ಲಿ ಎಡವಿದ, ಎದ್ದ ನೋಡು” ಅನ್ನುತ್ತಿದ್ದಳು. ಒಂದು ಸಲ ದಿನೇಶ ನಕ್ಕಾಗ ಅವಳೂ ನಕ್ಕಳು, ಅವನ ಜೊತೆಗೇ, ತಡೆಯಲಾಗದೆ. ಆ ದಿನ ನಾನು ಅಂದುಕೊಂಡೆ, ಇವಳು ನನ್ನನ್ನು ಕ್ಷಮಿಸಿದಳು ಅಂತ. ಬಾಯಿ ಬಿಟ್ಟು ಹೇಳದಿದ್ದರೇನು, ಕ್ಷಮಿಸದಿದ್ದರೆ ಹೀಗೆ ದಿನಾ ಬಂದು ಕೂರುತ್ತಿದ್ದಳೇ?

ಆಷಾಢ ಹತ್ತಿರವಾದಂತೆ ಊರು ಅವಳ ಬೆನ್ನಿಗೆ ಬಿತ್ತು. ಭದ್ರಪ್ಪನವರು ಎರಡು ಸಲ ಹೋಗಿ ಬಂದರು. ಕಾರ್ಖಾನೆಯವರೇ ಒಂದು ಸೀರೆ ಕಳಿಸಿದರು ಅಂತ ಸುದ್ದಿ. ಅವಳು ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಕೇಳಲಿಲ್ಲ. ಯಾವ ಬಾಯಲ್ಲಿ ಕೇಳಲಿ? ಪಟ್ಟಿಯ ದಿನ ಬೆಳಿಗ್ಗೆ ಐದಕ್ಕೇ ಎದ್ದು ಕ್ಯಾಸೆಟ್ಟು ಹಾಕಿ, ಆ ಏಳು ಸೆಕೆಂಡನ್ನು ಹಿಂದೆ ಸುತ್ತಿಸಿ ಸುತ್ತಿಸಿ ಹನ್ನೆರಡು ಸಲ ಕೇಳಿದೆ. ಇದೇ ಕೊನೆ ಅಂತ ಗೊತ್ತಿತ್ತು. ಕ್ಯಾಂಟೀನಿಗೆ ಹೋಗುವಾಗ ಕಾಲು ಎಳೆದುಕೊಂಡು ಹೋದೆ.

ಸಾಕಕ್ಕನಿಗೆ ಬೆಂಚು ಹತ್ತಲು ಭದ್ರಪ್ಪನವರೇ ಕೈ ಕೊಟ್ಟರು. ಅವಳು ಯಾರನ್ನೂ ನೋಡಲಿಲ್ಲ.

“ಮೊದಲನೇದು ಸುಣ್ಣದ ಗೋಡೆ” ಅಂದಳು. “ಅದರಲ್ಲೊಂದು ಮಗು ನಗ್ತದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಭದ್ರಪ್ಪನವರು “ಸಾಕಮ್ಮ, ಬೇಡ, ಬೇಡ” ಅಂತ ಬೆಂಚಿನ ಕಡೆ ಓಡಿದರು.

“ಎರಡನೇದು ಗಂಧಕ. ಅದರಲ್ಲಿ ಯಾರೂ ಇಲ್ಲ.”

ಮುಗಿಯಿತು. ಮೂಲೆಯಲ್ಲಿದ್ದ ಕ್ಯಾಂಟೀನಿನ ಟೇಪಿನಲ್ಲಿ ಯಾರೋ ಗಂಧಕ ಹಾಕಿ ನೋಡಿದರು, ಸುಯ್ ಅಂದಿತು. ಹೆಂಗಸೊಬ್ಬಳು ಕಂಕುಳ ಕೂಸಿಗೆ ಆ ಹಾಡು ಹೇಳಲು ಬಾಯಿ ತೆರೆದು, ಹಾಗೇ ತೆರೆದುಕೊಂಡು ನಿಂತಳು. ಮುದುಕರು ಅತ್ತರು. ಬೈಗುಳ ಶುರುವಾಯಿತು, ಯಾರೋ ಚಹಾ ಲೋಟ ಎಸೆದರು, ಅದು ಸಾಕಕ್ಕನ ಭುಜಕ್ಕೆ ತಗಲಿತು. ಅವಳು ಮೆಲ್ಲಗೆ ಬೆಂಚು ಇಳಿದಳು. ನಾನು ಜನರನ್ನು ನೂಕಿಕೊಂಡು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಅಳು ಬರುತ್ತಿತ್ತು. ನನ್ನ ಜೀವಮಾನದಲ್ಲಿ ಯಾರೂ ನನಗೆ ಇಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ.

“ಅಕ್ಕ, ನಿನ್ನ ಋಣ ನಾನು…”

“ಕೈ ಬಿಡು” ಅಂದಳು.

ಬಿಡಲಿಲ್ಲ. ಅವಳೇ ಬಿಡಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಿನಾ ಮೂರು ಗಂಟೆಗೆ ಬಂದು ಕೂರುತ್ತಿದ್ದವಳ ಮುಖವೇ ಅದು.

“ಇನ್ನು ಒಂದೇ ಉಳೀತು ವಿಮಲಾ. ಬರೋ ಆಷಾಢಕ್ಕೆ ಮೊದಲನೇದೂ ಅದೇ, ಕೊನೇದೂ ಅದೇ. ಹೇಳದೆ ಬಿಡೋ ಹಂಗಿಲ್ಲ, ನಿಂಗೇ ಗೊತ್ತು. ಇವತ್ತಿಂದ ದಿನ ಲೆಕ್ಕ ಹಾಕ್ಕೊಂಡು ಕೇಳು. ನಾನಿನ್ನು ಬರಲ್ಲ.”

“ಯಾಕಕ್ಕ? ಉಳಿಸಿಕೊಟ್ಟೆಯಲ್ಲ, ಜೊತೇಲೇ ಕೇಳೋಣ. ಯಾಕೆ ಹೀಗಂತೀಯ?”

ಸುತ್ತ ಜನ ಕೂಗುತ್ತಿದ್ದರು. ಅವಳು ದನಿ ಏರಿಸಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

“ನಿಂಗೆ ಇವತ್ತು ಗೊತ್ತಿತ್ತು, ಬೆಳಿಗ್ಗೆ ಎದ್ದು ಹನ್ನೆರಡು ಸಲ ಕೇಳ್ದೆ. ಗೋಡೆ ಆಚೆ ಕೂತು ಎಣಿಸ್ದೆ. ಹೋದ ವರ್ಷ ಇದೇ ದಿನ ನಾನೂ ಬೆಳಿಗ್ಗೆ ಎದ್ದೆ. ನಾಗೂನ ಹಾಕಾಣ ಅಂತ ಟೇಪಿನ ಹತ್ರ ಹೋದೆ. ಆಮೇಲೆ, ವಿಮಲಾ ಆಗ್ಲಿ ಅಂದಿದಾಳಲ್ಲ, ಸಂಜೆ ಬಂದು ನಿಧಾನಕ್ಕೆ ಕೇಳಿದ್ರಾಯ್ತು ಅಂತ, ಸೀರೆಗೆ ಇಸ್ತ್ರಿ ಹಾಕ್ಕೊಂಡು ಕೂತೆ.”